ಒಂದೇ ಗಾಳಿ, ಒಂದು ಆ್ಯಪ್‌ನಲ್ಲಿ 92, ಇನ್ನೊಂದರಲ್ಲಿ 149

ಮಳೆ ನಿಂತು ಡಿಸೆಂಬರ್ ಬಂತೆಂದರೆ ಮಂಗಳೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್‌ಗಳ ಸ್ಕ್ರೀನ್‌ಶಾಟ್‌ಗಳು ಓಡಾಡತೊಡಗುತ್ತವೆ. ಒಬ್ಬರು ಕಿತ್ತಳೆ ಬಣ್ಣದ ಅಂಕಿ ಹಾಕಿ ನಮ್ಮೂರೂ ದಿಲ್ಲಿ ಆಯಿತು ಅನ್ನುತ್ತಾರೆ. ಇನ್ನೊಬ್ಬರು ಅದೇ ಹೊತ್ತಿನ ಹಸಿರು ಅಂಕಿ ಹಾಕಿ, ಸುಮ್ನೆ ಹೆದರಿಸಬೇಡಿ ಮಾರಾಯ್ರೆ ಅನ್ನುತ್ತಾರೆ. ಇಬ್ಬರ ಫೋನೂ ಸರಿಯಾಗಿಯೇ ಇದೆ. ಎರಡು ಅಂಕಿಯಲ್ಲಿ ಒಂದೂ ಸುಳ್ಳಲ್ಲದೆ ಇರಬಹುದು.

ಗಾಳಿ ಅಳೆಯುವವರಿಗೆ ಇದು ಹೊಸದಲ್ಲ. ಯಾರಾದರೂ ಒಂದು ಅಂಕಿ ಹೇಳಿದರೆ ಅವರು ಮೊದಲು ಕೇಳುವುದು ಎಲ್ಲಿ ಅಳೆದಿರಿ, ಯಾವುದರಿಂದ ಅಳೆದಿರಿ, ಎಷ್ಟು ಹೊತ್ತಿನ ಸರಾಸರಿ, ಯಾವ ಮಿತಿಗೆ ಹೋಲಿಸಿದಿರಿ ಎಂದು. ಉತ್ತರ ಸಿಗುವವರೆಗೆ ಒಳ್ಳೆಯದು, ಕೆಟ್ಟದ್ದು ಎಂದು ಬಾಯಿ ಬಿಡುವುದಿಲ್ಲ. ಈ ಪ್ರಶ್ನೆಗಳು ನಮಗೂ ಗೊತ್ತಿದ್ದರೆ ಒಳ್ಳೆಯದು. ಮಂಗಳೂರು, ಉಡುಪಿಯಂಥ ಕರಾವಳಿ ಊರಿಗಂತೂ ಇವು ಜಾಸ್ತಿಯೇ ಬೇಕು.

ಎಕ್ಯೂಐ ಅಂದರೆ ಏನು

ಗಾಳಿಯಲ್ಲಿ ನೂರೆಂಟು ಬಗೆಯ ಕಲ್ಮಶ ಇರುತ್ತದೆ. ಎಲ್ಲವನ್ನೂ ಬೇರೆ ಬೇರೆ ಹೇಳಿದರೆ ಜನರಿಗೆ ಗೊಂದಲ. ಅದಕ್ಕೆ 2015ರ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಒಂದೇ ಅಂಕಿಯ ಲೆಕ್ಕ ಶುರುವಾಯಿತು. ಅದೇ ವಾಯು ಗುಣಮಟ್ಟ ಸೂಚ್ಯಂಕ, ಎಲ್ಲರ ಬಾಯಲ್ಲಿ ಎಕ್ಯೂಐ. ಸೊನ್ನೆಯಿಂದ 500ರವರೆಗೆ ಆರು ಹಂತ. 50ರ ಒಳಗಿದ್ದರೆ ಉತ್ತಮ, 100ರ ಒಳಗಿದ್ದರೆ ತೃಪ್ತಿಕರ, 200ರವರೆಗೆ ಮಧ್ಯಮ. ಅಲ್ಲಿಂದ ಮೇಲೆ ಕಳಪೆ, ತೀರಾ ಕಳಪೆ, ಗಂಭೀರ ಎಂದು ಏರುತ್ತದೆ.

ಇದರಲ್ಲಿ ಎಂಟು ಕಲ್ಮಶಗಳಿಗೆ ಜಾಗ ಇದೆ. ಎರಡು ಬಗೆಯ ದೂಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಹಾಕುತ್ತಾರೆ. ಆಮೇಲೆ ಅವನ್ನು ಕೂಡಿಸುವುದೂ ಇಲ್ಲ, ಸರಾಸರಿ ತೆಗೆಯುವುದೂ ಇಲ್ಲ. ಎಲ್ಲಕ್ಕಿಂತ ಕೆಟ್ಟ ಅಂಕ ಯಾವುದೋ ಅದೇ ಆ ದಿನದ ಎಕ್ಯೂಐ. ಎಂಟೂ ಅಳೆಯಲೇಬೇಕು ಅಂತಿಲ್ಲ. ಕನಿಷ್ಠ ಮೂರು ಇರಬೇಕು, ಅದರಲ್ಲಿ ಒಂದು ದೂಳೇ ಆಗಿರಬೇಕು.

ದೂಳಿನಲ್ಲಿ ಪಿಎಂ 10 ಎಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು ಅಥವಾ ಅದಕ್ಕಿಂತ ಚಿಕ್ಕ ಕಣ. ಪಿಎಂ 2.5 ಎಂದರೆ ಅದರಲ್ಲೂ ಸಣ್ಣದು, ಮಿಲಿಮೀಟರಿನ ನಾನೂರರಲ್ಲೊಂದು ಪಾಲು ಮತ್ತು ಕೆಳಗಿನದು. ದೊಡ್ಡ ಕಣ ಮೂಗು, ಗಂಟಲಲ್ಲಿ ಸುಮಾರಾಗಿ ನಿಲ್ಲುತ್ತದೆ. ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಎಂದು ಇವನ್ನು ಅಳೆಯುತ್ತಾರೆ.

ಈಗ ಸ್ಕ್ರೀನ್‌ಶಾಟ್ ಜಗಳಕ್ಕೆ ಬರೋಣ. ಪಿಎಂ 2.5 ಒಂದು ದಿನ 55 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. ಭಾರತದ ಕೋಷ್ಟಕದಲ್ಲಿ ಅದು ಸುಮಾರು 92 ಆಗುತ್ತದೆ, ತೃಪ್ತಿಕರ, ತಿಳಿಹಸಿರು. ಅಮೆರಿಕದ ಕೋಷ್ಟಕದಲ್ಲಿ ಅದೇ 55 ಸುಮಾರು 149 ಆಗುತ್ತದೆ, ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ, ಕಿತ್ತಳೆ. ಫೋನಿನಲ್ಲಿರುವ ಹಲವು ಆ್ಯಪ್‌ಗಳು ಅಮೆರಿಕದ ಕೋಷ್ಟಕವನ್ನೇ ಬಳಸುತ್ತವೆ. ಹಾಗಾಗಿ ಎಕ್ಯೂಐ ನೋಡುವ ಬದಲು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೈಕ್ರೋಗ್ರಾಂ ಅಂಕಿ ನೋಡುವುದು ವಾಸಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮಿತಿ ಯಾರದ್ದು

ಭಾರತದ ಈಗಿನ ಮಿತಿಗಳು 2009ರ ನವೆಂಬರ್‌ನಲ್ಲಿ ಬಂದವು. ಪಿಎಂ 2.5 ವರ್ಷದ ಸರಾಸರಿ 40, ದಿನದ ಸರಾಸರಿ 60 ಮೀರಬಾರದು. ಪಿಎಂ 10ಕ್ಕೆ ಇದೇ 60 ಮತ್ತು 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ. ಪಿಎಂ 2.5 ವರ್ಷಕ್ಕೆ 5, ದಿನಕ್ಕೆ 15. ಮೊದಲನೆಯದು ಕಾನೂನಿನ ಮಿತಿ, ಎರಡನೆಯದು ಆರೋಗ್ಯದ ಸಲಹೆ. ಪಿಎಂ 2.5 ವರ್ಷಕ್ಕೆ 30 ಇರುವ ಊರು ಕಾನೂನಿನ ಪ್ರಕಾರ ಪಾಸು, ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರು ಪಟ್ಟು ಜಾಸ್ತಿ. ಒಳ್ಳೆಯ ವರದಿಯಲ್ಲಿ ಯಾವ ಮಿತಿಗೆ ಹೋಲಿಸಿದ್ದೇವೆ ಎಂದು ಬರೆದಿರುತ್ತದೆ. ಬರೆದಿಲ್ಲವೆಂದರೆ ಕೇಳಿ.

ಇನ್ನೊಂದು ಪಟ್ಟಿಯ ಮಾತೂ ಆಗಾಗ ಬರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಮಿತಿ ಮೀರಿದ ನಗರಗಳೆಂದು ಕರ್ನಾಟಕದಿಂದ ಸೇರಿದ್ದು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಂಗಳೂರು ಅದರಲ್ಲಿಲ್ಲ. ನಗರದ ಸರಾಸರಿ ಲೆಕ್ಕಕ್ಕೆ ಅದು ಸಮಾಧಾನದ ಮಾತು. ಊರಿನ ಯಾವುದೋ ಒಂದು ಮೂಲೆಯ ಗಾಳಿ ಹೇಗಿದೆ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಚಿಮಣಿಯ ಲೆಕ್ಕ, ಅಂಗಳದ ಲೆಕ್ಕ

ಜಾಸ್ತಿ ಗೊಂದಲ ಆಗುವುದು ಇಲ್ಲಿ. ಅಡುಗೆಮನೆಯಲ್ಲಿ ಬಂಗುಡೆ ಹುರಿದರೆ ಬಾಣಲೆಯಿಂದ ಎಷ್ಟು ಹೊಗೆ ಎದ್ದಿತು ಎಂಬುದು ಒಂದು ಲೆಕ್ಕ. ಪಕ್ಕದ ಮನೆಯವರ ಮೂಗಿಗೆ ಎಷ್ಟು ಬಂತು ಎಂಬುದು ಇನ್ನೊಂದು. ಕಿಟಕಿ ಯಾವ ಕಡೆ ಇದೆ, ಗಾಳಿ ಎತ್ತ ಬೀಸುತ್ತಿದೆ, ನಡುವೆ ಗೋಡೆ ಇದೆಯಾ ಎಂಬುದರ ಮೇಲೆ ಎರಡನೆಯದು ನಿಂತಿದೆ.

ಕಾರ್ಖಾನೆಗೂ ಹಾಗೆಯೇ. ಚಿಮಣಿಯೊಳಗೆ ಅಳೆಯುವುದು ಹೊರಬಿಡುವ ಪ್ರಮಾಣ. ಜನ ಉಸಿರಾಡುವ ಮಟ್ಟದಲ್ಲಿ ಅಳೆಯುವುದು ಸುತ್ತಲಿನ ಗಾಳಿಯ ಪ್ರಮಾಣ. ತೈಲ ಸಂಸ್ಕರಣೆ, ರಸಗೊಬ್ಬರ, ಉಷ್ಣ ವಿದ್ಯುತ್ ಸೇರಿ ಹದಿನೇಳು ಬಗೆಯ ಕೈಗಾರಿಕೆಗಳು ಚಿಮಣಿಗೆ ಯಂತ್ರ ಕೂರಿಸಿ ಅಂಕಿಯನ್ನು ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು ಎಂಬ ನಿಯಮ ಇದೆ. ಈ ಮೂರೂ ಬಗೆ ನಮ್ಮ ಕರಾವಳಿಯಲ್ಲಿ ಇವೆ. ಚಿಮಣಿಯ ಅಂಕಿ ಮಿತಿಯೊಳಗಿದೆ ಎಂದು ಕಂಪೆನಿ ಹೇಳುವುದೂ, ನಮ್ಮೂರಲ್ಲಿ ಗಾಳಿ ಹಾಳಾಗಿದೆ ಎಂದು ಜನ ಹೇಳುವುದೂ ಒಟ್ಟಿಗೆ ನಿಜ ಆಗಬಹುದು. ಇಬ್ಬರೂ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ, ಅಲ್ವಾ?

ಅದಕ್ಕೇ ಗಾಳಿ ಪರಿಣತರು ಮೂರು ವಿಷಯ ಸೇರಿಸಿ ನೋಡುತ್ತಾರೆ. ಹೊಗೆ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಕೊನೆಗೆ ಯಾರನ್ನು ತಲುಪುತ್ತದೆ. ತಲುಪುವವರಲ್ಲಿ ಶಾಲೆ, ಆಸ್ಪತ್ರೆ, ವಯಸ್ಸಾದವರ ಮನೆಗಳಿಗೆ ಹೆಚ್ಚು ಗಮನ.

ಕಡಲ ಗಾಳಿಯ ಲೆಕ್ಕ ಬೇರೆ

ದಾರಿಯ ವಿಷಯದಲ್ಲಿ ಕರಾವಳಿ ಉಳಿದ ಊರುಗಳ ಹಾಗಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಹಾಗಾಗಿ ಮಧ್ಯಾಹ್ನದಿಂದ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ಕಡಲಿನ ಕಡೆ ಹೋಗುತ್ತದೆ. ಒಂದೇ ಚಿಮಣಿಯ ಹೊಗೆ ಹಗಲು ಒಂದು ಊರಿಗೆ, ರಾತ್ರಿ ಇನ್ನೊಂದು ಊರಿಗೆ. ವರ್ಷದ ಸರಾಸರಿ ಗಾಳಿ ದಿಕ್ಕು ಇದು ಎಂದು ಒಂದೇ ಬಾಣ ಹಾಕಿದ ನಕ್ಷೆ ಇಲ್ಲಿ ಪ್ರಯೋಜನಕ್ಕಿಲ್ಲ. ಗಂಟೆ ಗಂಟೆಯ ಗಾಳಿ ಬೇಕು.

ಇನ್ನೂ ಒಂದು ಸಂಗತಿ ಇದೆ, ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಕಡಲ ಮೇಲಿಂದ ಬರುವ ಗಾಳಿ ತಂಪು, ಮೇಲೆ ಕೆಳಗೆ ಅಷ್ಟಾಗಿ ಕಲಕುವುದಿಲ್ಲ. ಎತ್ತರದ ಚಿಮಣಿಯ ಹೊಗೆ ಅದರೊಳಗೆ ಸೇರಿದರೆ ಚದುರದೆ ಒಂದು ಪಟ್ಟಿಯ ಹಾಗೆ ಮೇಲೆಯೇ ಒಳನಾಡಿಗೆ ಸಾಗುತ್ತದೆ. ನೆಲದ ಮೇಲೆ ಸಾಗುತ್ತ ಸಾಗುತ್ತ ಕೆಳಗಿನ ಗಾಳಿ ಬಿಸಿಲಿಗೆ ಕಾದು ಕುದಿಯತೊಡಗುತ್ತದೆ. ಆ ಕಲಕುವ ಪದರ ಕಡಲಿನಿಂದ ದೂರ ಹೋದಷ್ಟೂ ದಪ್ಪ ಆಗುತ್ತದೆ. ಅದು ಹೊಗೆಯ ಪಟ್ಟಿಯನ್ನು ಮುಟ್ಟಿದ ಜಾಗದಲ್ಲಿ ಅಷ್ಟೂ ಹೊಗೆ ಕೆಳಗಿಳಿಯುತ್ತದೆ. ಚಿಮಣಿಯ ಬುಡದಲ್ಲಿ ನಿಂತವನಿಗೆ ಏನೂ ಗೊತ್ತಾಗುವುದಿಲ್ಲ, ಕೆಲವು ಕಿಲೋಮೀಟರ್ ಒಳಗಿನ ಊರಿನವನಿಗೆ ಕಣ್ಣು ಉರಿಯುತ್ತದೆ. ಕಡಲ ತೀರದ ದೊಡ್ಡ ಕೈಗಾರಿಕೆಗಳ ಬಗ್ಗೆ ಪ್ರಪಂಚದ ಎಲ್ಲೆಡೆ ಗೊತ್ತಿರುವ ವಿಷಯ ಇದು.

ದೊಡ್ಡ ಕಲ್ಲಿದ್ದಲು ಘಟಕಗಳಿಗೆ, ಅಂದರೆ 500 ಮೆಗಾವಾಟ್ ಮತ್ತು ಮೇಲ್ಪಟ್ಟವಕ್ಕೆ, 275 ಮೀಟರ್ ಚಿಮಣಿ ಎಂಬುದು ದೇಶದಲ್ಲಿ ಬಹುಕಾಲ ಇದ್ದ ನಿಯಮ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳಿವೆ. ಇಂಥ ಕಡೆ ಹೊಗೆ ಎಲ್ಲಿ ಬೀಳಬಹುದು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವಾಗ ಈ ಕಡಲಂಚಿನ ಆಟವನ್ನು ಸೇರಿಸಿದ್ದಾರಾ ಎಂಬುದು ಕೇಳಲೇಬೇಕಾದ ಪ್ರಶ್ನೆ. ಬಯಲುಸೀಮೆಗೆ ಹೊಂದುವ ಲೆಕ್ಕವನ್ನು ಹಾಗೇ ತಂದು ಇಲ್ಲಿ ಹಾಕಿದರೆ ನಕ್ಷೆಯ ಕೆಂಪು ಚುಕ್ಕೆ ತಪ್ಪು ಊರಿನ ಮೇಲೆ ಬೀಳುತ್ತದೆ.

ಯಂತ್ರ ಇಡುವ ಜಾಗ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆ ಇದರ ಬಗ್ಗೆ ಸ್ಪಷ್ಟವಾಗಿದೆ. ಗಾಳಿ ಎಳೆಯುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಮರದಿಂದ 20 ಮೀಟರ್ ದೂರ ಇರಬೇಕು, ಯಾಕೆಂದರೆ ಎಲೆಗಳು ದೂಳು ಹಿಡಿಯುತ್ತವೆ. ಸುತ್ತಲಿನ ಮುಕ್ಕಾಲು ಭಾಗದಿಂದಲಾದರೂ ಗಾಳಿ ಅಡ್ಡಿಯಿಲ್ಲದೆ ಬರಬೇಕು. ಪಕ್ಕದಲ್ಲಿ ಜನರೇಟರ್, ಹೋಟೆಲಿನ ಹೊಗೆಕೊಳವೆ ಇರಬಾರದು. ತೆಂಗು, ಹಲಸು, ಮಾವು ಇಲ್ಲದ ಕಾಂಪೌಂಡ್ ನಮ್ಮ ಕಡೆ ಸಿಗುವುದೇ ಕಷ್ಟ, ಆ ಮಾತು ಬೇರೆ.

ಆದರೆ ಎತ್ತರ, ದೂರಕ್ಕಿಂತ ಮುಖ್ಯವಾದದ್ದು ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದು. ನಂತೂರು ವೃತ್ತದ ಪಕ್ಕ ಇಟ್ಟ ಯಂತ್ರ ವಾಹನದ ಹೊಗೆಯನ್ನು ಹೇಳುತ್ತದೆ. ಬೈಕಂಪಾಡಿಯಲ್ಲಿ ಇಟ್ಟದ್ದು ಕೈಗಾರಿಕೆ, ಲಾರಿ ಎರಡನ್ನೂ ಬೆರೆಸಿ ಹೇಳುತ್ತದೆ. ಕದ್ರಿಯಲ್ಲಿ ರಾಜ್ಯ ಮಂಡಳಿಯ ನಿರಂತರ ಮಾಪನ ಕೇಂದ್ರ ಇದೆ. ಅದರ ಅಂಕಿ ಕದ್ರಿ ಸುತ್ತಿನ ಗಾಳಿಗೆ ಸರಿ. ಅದನ್ನೇ ಸುರತ್ಕಲ್‌ಗೂ ತೊಕ್ಕೊಟ್ಟಿಗೂ ಅನ್ವಯಿಸಿ ಇದು ಮಂಗಳೂರಿನ ಗಾಳಿ ಅನ್ನುವುದು ಯಂತ್ರದ ತಪ್ಪಲ್ಲ, ಓದುವವರ ಆತುರ. ಮಾಪನ ಕೇಂದ್ರ ಇಲ್ಲದ ಊರಿಗೂ ಆ್ಯಪ್‌ನಲ್ಲಿ ಅಂಕಿ ಕಂಡರೆ ಅದು ಉಪಗ್ರಹದ ಚಿತ್ರ ಮತ್ತು ಕಂಪ್ಯೂಟರ್ ಲೆಕ್ಕದಿಂದ ಬಂದ ಅಂದಾಜು ಇರಬಹುದು. ಅಥವಾ ಯಾರದ್ದೋ ಮನೆಯ ಸಣ್ಣ ಸೆನ್ಸರ್‌ನದ್ದು.

ಫಿಲ್ಟರ್, ತಕ್ಕಡಿ ಮತ್ತು ನಮ್ಮ ಊರಿನ ತೇವ

ದೂಳು ಅಳೆಯುವ ಹಳೆಯ, ನಂಬಿಕೆಯ ದಾರಿ ಫಿಲ್ಟರ್. ತೂಕ ನೋಡಿದ ಫಿಲ್ಟರ್ ಹಾಕಿ 24 ಗಂಟೆ ಗಾಳಿ ಎಳೆಯುತ್ತಾರೆ. ಆಮೇಲೆ ಮತ್ತೆ ತೂಕ ಮಾಡುತ್ತಾರೆ. ಹೆಚ್ಚಾದ ತೂಕವೇ ದೂಳು. ಹೇಳಲು ಸುಲಭ. ಆದರೆ ಪಿಎಂ 2.5 ಯಂತ್ರ ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ, ಅಂದರೆ ದಿನಕ್ಕೆ ಸುಮಾರು 24 ಘನ ಮೀಟರ್. ಗಾಳಿಯಲ್ಲಿ 40 ಮೈಕ್ರೋಗ್ರಾಂ ಇದ್ದರೆ ಇಡೀ ದಿನಕ್ಕೆ ಫಿಲ್ಟರ್ ಮೇಲೆ ಕೂರುವ ದೂಳು ಒಂದು ಮಿಲಿಗ್ರಾಂಗಿಂತಲೂ ಕಡಿಮೆ!

ಇಷ್ಟು ಸಣ್ಣ ತೂಕದಲ್ಲಿ ಫಿಲ್ಟರ್‌ಗೆ ಹತ್ತಿದ ತೇವವೂ ದೂಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೆ ತೂಕಕ್ಕೆ ಮೊದಲು, ಮೊದಲ ಸಲವೂ ಎರಡನೇ ಸಲವೂ, ಫಿಲ್ಟರನ್ನು ತೇವ, ಉಷ್ಣತೆ ಎರಡೂ ಹಿಡಿತದಲ್ಲಿರುವ ಕೋಣೆಯಲ್ಲಿ ಒಂದು ದಿನ ಇಡುತ್ತಾರೆ. ಜೊತೆಗೆ ಗಾಳಿ ಎಳೆಯದ ಒಂದು ಖಾಲಿ ಫಿಲ್ಟರನ್ನೂ ಹೊರಗೆ ಒಯ್ದು ತಂದು ತೂಗುತ್ತಾರೆ. ಅದರ ತೂಕ ಬದಲಾಗಿದ್ದರೆ ದಾರಿಯಲ್ಲಿ ಏನೋ ಎಡವಟ್ಟಾಗಿದೆ ಎಂದರ್ಥ. ಜೂನ್‌ನಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗದ ಊರಿನಲ್ಲಿ ಈ ಜಾಗ್ರತೆ ಎಷ್ಟು ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ನಿರಂತರ ಕೇಂದ್ರಗಳಲ್ಲಿ ದೂಳಿಗೆ ಬೀಟಾ ಕಿರಣ ಬಳಸುವ ಯಂತ್ರ ಸಾಮಾನ್ಯ. ಯಂತ್ರದೊಳಗಿನ ಫಿಲ್ಟರ್ ಟೇಪಿನ ಮೇಲೆ ದೂಳು ಕೂತಷ್ಟೂ ಕಿರಣ ಕಡಿಮೆ ದಾಟುತ್ತದೆ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಕಡಿಮೆ ಮಾಡುವ ವ್ಯವಸ್ಥೆ ಇರುತ್ತದೆ. ಅನಿಲಗಳಿಗೆ ಬೇರೆ ಯಂತ್ರಗಳು. ಅವಕ್ಕೆ ಆಗಾಗ ಕಲ್ಮಶವೇ ಇಲ್ಲದ ಗಾಳಿ ಕೊಟ್ಟು ಸೊನ್ನೆ ತೋರಿಸುತ್ತದಾ ನೋಡುತ್ತಾರೆ. ಆಮೇಲೆ ಪ್ರಮಾಣ ಗೊತ್ತಿರುವ ಅನಿಲ ಕೊಟ್ಟು ಸರಿಯಾದ ಅಂಕಿ ತೋರಿಸುತ್ತದಾ ನೋಡುತ್ತಾರೆ. ಈ ತಪಾಸಣೆಯ ದಾಖಲೆ ಇಲ್ಲದ ಅಂಕಿಗೆ ಗಾಳಿ ಅಳೆಯುವವರ ನಡುವೆ ಬೆಲೆ ಇಲ್ಲ.

ಇನ್ನು ಕೆಲವು ಸಾವಿರಕ್ಕೆ ಸಿಗುವ ಸಣ್ಣ ಸೆನ್ಸರ್‌ಗಳು. ಇವು ಲೇಸರ್ ಬೆಳಕು ಚದುರುವುದನ್ನು ನೋಡಿ ದೂಳು ಎಷ್ಟಿದೆ ಎಂದು ಊಹಿಸುತ್ತವೆ. ಕಡಲ ಕಡೆಯಿಂದ ಹಾರಿ ಬರುವ ಉಪ್ಪಿನ ಕಣ, ಗಾಳಿಯ ತೇವ ಸುಮಾರು ಶೇ 75 ದಾಟಿದರೆ ನೀರು ಹೀರಿ ಹನಿಯಾಗಿ ಉಬ್ಬುತ್ತದೆ. ಉಬ್ಬಿದ ಹನಿ ಜಾಸ್ತಿ ಬೆಳಕು ಚದುರಿಸುತ್ತದೆ, ಸೆನ್ಸರ್ ಅದನ್ನೂ ದೂಳು ಎಂದು ಎಣಿಸುತ್ತದೆ. ಕಡಲಂಚಿನ ಪಣಂಬೂರು, ಮಲ್ಪೆ ಕಡೆಯ ಮನೆಯಲ್ಲಿ ಮುಂಜಾವಿನ ಅಂಕಿ ಏರಿದ್ದು ಇದಕ್ಕೂ ಇರಬಹುದು. ಹಾಗಂತ ಸೆನ್ಸರ್ ಕೆಲಸಕ್ಕೆ ಬಾರದ್ದಲ್ಲ. ಮೊದಲು ಕೆಲವು ವಾರ ನಂಬಿಕಸ್ಥ ಯಂತ್ರದ ಪಕ್ಕದಲ್ಲೇ ಇಟ್ಟು ವ್ಯತ್ಯಾಸ ಎಷ್ಟೆಂದು ತಿಳಿದು, ಅದನ್ನು ಕಳೆದು ಓದಬೇಕು. ನಿನ್ನೆಗಿಂತ ಇವತ್ತು ಹೇಗೆ, ಈ ಬೀದಿಗಿಂತ ಆ ಬೀದಿ ಹೇಗೆ ಎಂದು ನೋಡಲು ಅದು ಒಳ್ಳೆಯದೇ. ಕೋರ್ಟಿಗೆ ಒಯ್ಯಲು ಅಲ್ಲ.

ಉಪ್ಪಿನ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಅಲೆ ಒಡೆದಾಗ ಹಾರುವ ಉಪ್ಪು ಪಿಎಂ 10 ಲೆಕ್ಕಕ್ಕೆ ಸೇರುತ್ತದೆ. ಅದು ಯಾವ ಕಾರ್ಖಾನೆಯದ್ದೂ ಅಲ್ಲ. ಎಷ್ಟು ಪಾಲು ಉಪ್ಪು, ಎಷ್ಟು ರಸ್ತೆಯ ಮಣ್ಣು, ಎಷ್ಟು ಕಲ್ಲಿದ್ದಲು ಎಂದು ತಿಳಿಯಲು ಫಿಲ್ಟರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಬರೀ ತೂಕದಿಂದ ಯಾರತ್ತಲೂ ಬೆರಳು ತೋರಿಸಲು ಆಗುವುದಿಲ್ಲ.

ಸರಾಸರಿಯಲ್ಲಿ ಮುಚ್ಚಿಹೋಗುವ ಎರಡು ಗಂಟೆ

ಒಂದು ಲೆಕ್ಕ ನೋಡಿ. ದಿನದ 22 ಗಂಟೆ ಪಿಎಂ 2.5 ಬರೀ 30 ಇತ್ತು. ಯಾರೋ ಕಸದ ರಾಶಿಗೆ ಬೆಂಕಿ ಹಾಕಿದ್ದರಿಂದ ಎರಡು ಗಂಟೆ 300ಕ್ಕೆ ಏರಿತು. ದಿನದ ಸರಾಸರಿ 52.5. ಮಿತಿ 60. ವರದಿಯಲ್ಲಿ ಎಲ್ಲ ಸರಿ ಇದೆ ಎಂದು ಬರುತ್ತದೆ. ಆ ಎರಡು ಗಂಟೆ ಅಸ್ತಮಾ ಇರುವವರು ಪಟ್ಟ ಕಷ್ಟ ಸರಾಸರಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ರಸ್ತೆ, ಮೇಲ್ಸೇತುವೆ ಕಾಮಗಾರಿಯ ದೂಳು ನೋಡಬೇಕಾದಲ್ಲಿ ದಿನದ ಸರಾಸರಿಗೆ ಕಾಯುವುದು ಒಳ್ಳೆಯ ಪದ್ಧತಿ ಅಲ್ಲ. ಗಂಟೆಗೊಮ್ಮೆ, ಇನ್ನೂ ಚಿಕ್ಕ ಅವಧಿಗೊಮ್ಮೆ ನೋಡಿ, ಏರಿದ ಕೂಡಲೇ ನೀರು ಚಿಮುಕಿಸುವ ವ್ಯವಸ್ಥೆ ಬೇಕು. ಇನ್ನೊಂದು ಕಡೆ, ಒಂದು ಗಂಟೆಯ ಅಂಕಿಯನ್ನು ದಿನದ ಮಿತಿಗೆ ಹೋಲಿಸಿ ಕೂಗುವುದೂ ತಪ್ಪೇ. ಗಂಟೆಯದ್ದನ್ನು ಗಂಟೆಯ ಮಿತಿಗೆ, ದಿನದ್ದನ್ನು ದಿನದ ಮಿತಿಗೆ.

ಕರೆಂಟ್ ಹೋಯಿತು, ಯಂತ್ರ ನಿಂತಿತು ಅಂದುಕೊಳ್ಳಿ. ದಿನದ ಎಕ್ಯೂಐ ಹೇಳಲು ಕನಿಷ್ಠ 16 ಗಂಟೆಯ ಅಂಕಿ ಬೇಕು. ಕೈಯಿಂದ ಫಿಲ್ಟರ್ ಬದಲಿಸುವ ಕೇಂದ್ರದಲ್ಲಿ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ ಕನಿಷ್ಠ 104 ಅಳತೆ ಆಗಿದ್ದರೆ ಮಾತ್ರ ವರ್ಷದ ಸರಾಸರಿ ಒಪ್ಪಿತ. ಮಳೆಗಾಲದಲ್ಲಿ ಮಳೆ ದೂಳನ್ನು ತೊಳೆದು ಹಾಕುತ್ತದೆ, ಆ ತಿಂಗಳ ಅಂಕಿ ಇದ್ದೂ ಚಳಿಗಾಲದ್ದು ಬಿಟ್ಟುಹೋಗಿದ್ದರೆ ಊರು ಸ್ವರ್ಗದಂತೆ ಕಾಣುತ್ತದೆ.

ವಾಸನೆ ಬರುತ್ತದೆ, ಎಕ್ಯೂಐ ಹಸಿರು

ಕೈಗಾರಿಕೆಯ ಪಕ್ಕದ ಊರುಗಳಲ್ಲಿ ಇದು ಸಾಮಾನ್ಯ ದೂರು. ರಾತ್ರಿ ಕೊಳೆತ ಮೊಟ್ಟೆಯ ವಾಸನೆ, ತಲೆನೋವು. ಆ್ಯಪ್ ನೋಡಿದರೆ ಎಲ್ಲ ಚೆನ್ನಾಗಿದೆ. ಕಾರಣ ಸರಳ. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಕ್ಯೂಐನ ಎಂಟರಲ್ಲಿ ಇಲ್ಲವೇ ಇಲ್ಲ. ಪೆಟ್ರೋಲ್‌ನಲ್ಲಿರುವ ಬೆಂಝೀನ್‌ಗೆ ದೇಶದಲ್ಲಿ ಮಿತಿ ಇದೆ, ವರ್ಷಕ್ಕೆ 5 ಮೈಕ್ರೋಗ್ರಾಂ, ಆದರೆ ಅದೂ ಎಕ್ಯೂಐನಲ್ಲಿ ಸೇರುವುದಿಲ್ಲ. ಅಳೆಯದ್ದು ಕಾಣುವುದಿಲ್ಲ, ಅಷ್ಟೇ.

ನಮ್ಮ ಮೂಗು ಹೈಡ್ರೋಜನ್ ಸಲ್ಫೈಡ್ ಅನ್ನು ತೀರಾ ಕಡಿಮೆ ಇದ್ದಾಗಲೇ ಹಿಡಿಯುತ್ತದೆ. ವಾಸನೆಯ ಕಿರಿಕಿರಿ ತಪ್ಪಲು ಅರ್ಧ ಗಂಟೆಯ ಸರಾಸರಿ 7 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಆರೋಗ್ಯಕ್ಕೆ ಅದು ಹೇಳಿದ ಮಟ್ಟ ದಿನಕ್ಕೆ 150. ಅಂದರೆ ವಾಸನೆ ಬಂದ ಕೂಡಲೇ ವಿಷ ಎನ್ನಲು ಆಗದು. ಮಿತಿಯೊಳಗಿದೆ ಎಂದು ವಾಸನೆಯ ದೂರನ್ನು ತಳ್ಳಿಹಾಕುವುದೂ ಸರಿಯಲ್ಲ. ವಾಸನೆಯನ್ನು ಬೇರೆಯೇ ಸಮಸ್ಯೆಯಾಗಿ ಅಳೆಯಬೇಕು.

ಹೊಸ ಯೋಜನೆಯ ವರದಿ ಓದುವಾಗ

2006ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮ ಅಂದಾಜು ವರದಿ ಬೇಕು. ಬಹುತೇಕ ಕಡೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದರ ಗಾಳಿ ಅಧ್ಯಾಯದಲ್ಲಿ ಮೊದಲು ಈಗಿನ ಗಾಳಿ ಹೇಗಿದೆ ಎಂದು ಇರುತ್ತದೆ. ಆಮೇಲೆ ಯೋಜನೆಯಿಂದ ಎಷ್ಟು ಸೇರುತ್ತದೆ, ಎರಡೂ ಕೂಡಿ ಎಷ್ಟಾಗುತ್ತದೆ ಎಂದು.

ಈಗಿನ ಗಾಳಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತು, ಅಂದರೆ ಮೂರು ತಿಂಗಳು ಅಳೆಯುತ್ತಾರೆ. ಮಾರ್ಚ್‌ನಿಂದ ಮೇ ತನಕ ಅಳೆದಿದ್ದರೆ ಡಿಸೆಂಬರಿನ ರಾತ್ರಿಯ ನಿಂತ ಗಾಳಿ ಅದರಲ್ಲಿ ಬರುವುದಿಲ್ಲ. ನನ್ನ ಮಟ್ಟಿಗೆ ಕರಾವಳಿಗೆ ಒಂದು ಋತು ಸಾಲದು. ಅಳತೆಯ ಜಾಗಗಳು ಯೋಜನೆಯ ಜಾಗದಿಂದ ಗಾಳಿ ಬೀಸಿ ಹೋಗುವ ಕಡೆ ಇವೆಯಾ, ಅಥವಾ ಗಾಳಿ ಬರುವ ಕಡೆಯೇ ಹೆಚ್ಚು ಇವೆಯಾ ನೋಡಿ. ಯೋಜನೆಗೆ ಬರುವ ಲಾರಿಗಳ ಹೊಗೆ ಸೇರಿಸಿದ್ದಾರಾ, ಪಕ್ಕದಲ್ಲಿ ಈಗಾಗಲೇ ಅನುಮತಿ ಸಿಕ್ಕಿ ಶುರುವಾಗದ ಇನ್ನೊಂದು ಘಟಕದ ಲೆಕ್ಕ ಹಾಕಿದ್ದಾರಾ ನೋಡಿ.

ದೂರು ಕೊಡುವ ಮೊದಲು

ಕೇಂದ್ರ ಮಂಡಳಿಯ ಸಮೀರ್ ಆ್ಯಪ್ ಭಾರತದ ಕೋಷ್ಟಕದಲ್ಲೇ ಅಂಕಿ ತೋರಿಸುತ್ತದೆ. ಮಂಡಳಿಯ ಜಾಲತಾಣದಲ್ಲಿ ನಿರಂತರ ಕೇಂದ್ರಗಳ ಹಳೆಯ ಅಂಕಿಗಳನ್ನೂ ಇಳಿಸಿಕೊಳ್ಳಬಹುದು, ಗಾಳಿಯ ದಿಕ್ಕು, ವೇಗ ಸೇರಿ. ನಿಮ್ಮ ಊರಿನಲ್ಲಿ ಹೊಗೆ ಅಥವಾ ವಾಸನೆ ಬಂದಾಗ ತಾರೀಕು, ಗಂಟೆ, ಎಷ್ಟು ಹೊತ್ತು ಇತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಬರೆದಿಡಿ. ತುಂಬಾ ವಾಸನೆ ಎಂದಷ್ಟೇ ಹೇಳಿದ ದೂರನ್ನು ಪರಿಶೀಲಿಸಲು ಯಾರಿಗೂ ದಾರಿ ಇಲ್ಲ. ರಾತ್ರಿ 11ರಿಂದ 1ರವರೆಗೆ, ಪೂರ್ವದಿಂದ ಗಾಳಿ, ಕೊಳೆತ ಮೊಟ್ಟೆಯ ವಾಸನೆ ಎಂದು ಬರೆದು ಪ್ರಾದೇಶಿಕ ಪರಿಸರ ಅಧಿಕಾರಿಯ ಕಚೇರಿಗೆ ಕೊಟ್ಟರೆ, ಅದೇ ಹೊತ್ತಿಗೆ ಆ ದಿಕ್ಕಿನ ಚಿಮಣಿಗಳು ಕಳಿಸಿದ ಅಂಕಿಯನ್ನು ಅವರು ತೆಗೆದು ನೋಡಬಹುದು.